ತಟ್ಟೆಯ ಹಿಂದಿನ ‘ಅ’

ಒಬ್ಬ ಶ್ರೀಮಂತ ಇದ್ದ. ಯಾವ ಊರು ಅಂತ ಕೇಳಬೇಡಿ. ಪಕ್ಕದೂರು ಅಂದುಕೊಳ್ಳಿ, ಆಗ ಯಾರಿಗೂ ಬೇಜಾರಿಲ್ಲ. ಗದ್ದೆ, ಗಿರಣಿ, ಕಾರು ಎಲ್ಲ ಇತ್ತು ಅವನಿಗೆ. ಆದರೆ ಹೆಮ್ಮೆ ಇದ್ದದ್ದು ಅದರ ಮೇಲಲ್ಲ. ಹಳೆಯ ಅರಮನೆಯೊಂದರ ಸಾಮಾನು ಹರಾಜಾದಾಗ ಬೆಳ್ಳಿಯ ತಟ್ಟೆ, ಬಟ್ಟಲು, ಚೊಂಬುಗಳನ್ನು ತಂದಿದ್ದ. ಅರಮನೆಯ ಊಟಕ್ಕೆಂದೇ ಮಾಡಿಸಿದ್ದು! ಅಂಚಿನ ಸುತ್ತ ಹಂಸಗಳ ಸಾಲು, ನಡುವೆ ಅರಳಿದ ತಾವರೆ. ತಟ್ಟೆ ಮಗುಚಿದರೆ ಹಿಂದೆ ಒಂದೇ ಒಂದು ಅಕ್ಷರ, ‘ಅ’.

‘ಅ ಅಂದ್ರೆ ಅರಸು’ ಅಂತ ಬಂದವರಿಗೆಲ್ಲ ಹೇಳುತ್ತಿದ್ದ. ತೋರಿಸುವುದು ಹೇಗೆ? ಬೀರುವಿನ ಗಾಜಿನ ಈಚೆಯಿಂದ. ಮುಟ್ಟುವಂತಿಲ್ಲ. ಉಣ್ಣುವುದಂತೂ ದೂರದ ಮಾತು. ಮೊದಲ ತುತ್ತು ಅರಸರ ಮನೆಯವರೇ ಉಣ್ಣಬೇಕು, ಆಮೇಲೆ ಉಳಿದವರ ಮಾತು ಅಂತ ಮನೆಯಲ್ಲಿ ಕಟ್ಟಪ್ಪಣೆ.

ಈಗ ಅವನ ಹೆಂಡತಿಯನ್ನು ನೋಡಿ. ವಿಭೂತಿ ಹಚ್ಚಿ ಆ ಬೆಳ್ಳಿ ಉಜ್ಜುವವಳು ಅವಳು. ದಿನಾ ಬಳಸಿದ ಬೆಳ್ಳಿ ಹೊಳೆಯುತ್ತದೆ, ಮುಚ್ಚಿಟ್ಟದ್ದು ಕಪ್ಪಾಗುತ್ತದೆ. ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಉಜ್ಜುವಾಗೆಲ್ಲ ಅವಳಿಗೆ ಒಂದೇ ಆಸೆ: ಅಪ್ಪನಿಗೆ ಒಮ್ಮೆ ಇದರಲ್ಲಿ ಬಡಿಸಬೇಕು.

ಯಾಕೆ ಅಷ್ಟು ಆಸೆ? ಮಗಳಿಗೆ ಮಗುವಾಗುವವರೆಗೂ ತಂದೆ ಅಳಿಯನ ಮನೆಯಲ್ಲಿ ಅನ್ನ ಮುಟ್ಟಬಾರದು, ಅದು ಅವರ ಕಡೆಯ ಪದ್ಧತಿ. ಮದುವೆಯಾಗಿ ಎಷ್ಟೋ ವರ್ಷ ಮಗುವಾಗಲಿಲ್ಲ. ಅಪ್ಪ ಬರುತ್ತಿದ್ದ, ಜಗಲಿಯಲ್ಲಿ ಕೂರುತ್ತಿದ್ದ, ಮಗಳ ಮುಖ ನೋಡಿ ಹಸಿದೇ ಹೋಗುತ್ತಿದ್ದ. ಕಣಜ ತುಂಬ ಭತ್ತ, ಹೆತ್ತವನಿಗೆ ಒಂದು ಅಗುಳಿಲ್ಲ. ಅವಳಿಗೆ ಎಷ್ಟು ಸಂಕಟವಾಗಿರಬೇಡ? ಕೊನೆಗೂ ದೇವರು ಕಣ್ಣು ಬಿಟ್ಟ, ಗಂಡುಮಗು ಹುಟ್ಟಿತು. ಅಪ್ಪ ಬಂದಾಗ ಬೆಳ್ಳಿ ತಟ್ಟೆಯಲ್ಲಿ ಬಡಿಸಲಾ ಅಂತ ಗಂಡನನ್ನು ಕೇಳಿದಳು. ‘ನಿಮ್ಮಪ್ಪ ಯಾವ ದೇಶದ ಅರಸ?’ ಅಂದ ಆ ಪುಣ್ಯಾತ್ಮ.

ಅಷ್ಟರಲ್ಲಿ ಸುದ್ದಿ ಬಂತು. ಏನು ಸುದ್ದಿ! ಅದೇ ಅರಮನೆಯ ಹಿರಿಯ ರಾಣಿಯಮ್ಮ ಊಟಕ್ಕೆ ಬರಲು ಒಪ್ಪಿದ್ದಾರೆ. ಶ್ರೀಮಂತನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತೋರಣ, ವಾಲಗ, ಹೋಳಿಗೆ, ಪಾಯಸ. ಊರಿಗೆ ಊರೇ ಬಾಗಿಲಲ್ಲಿ ನೆರೆಯಿತು.

ಅವತ್ತೇ, ಹೇಳದೆ ಕೇಳದೆ, ಅಪ್ಪನೂ ಬಂದುಬಿಟ್ಟ. ಮೊಮ್ಮಗನಿಗೊಂದು ಕುಲಾವಿ ಹೊಲಿಸಿಕೊಂಡು, ಮಗಳ ಮನೆಯ ಮೊದಲ ತುತ್ತು ಉಣ್ಣಬೇಕು ಅಂತ ಬಂದಿದ್ದಾನೆ. ಅಳಿಯ ಏನು ಮಾಡಿದ? ಹಿತ್ತಲ ಜಗಲಿಯಲ್ಲಿ ಕೂರಿಸು, ಎಲ್ಲರದೂ ಆದಮೇಲೆ ಏನಾದರೂ ಹಾಕು ಅಂತ ಹೆಂಡತಿಗೆ ಹೇಳಿ ರಾಣಿಯಮ್ಮನ ಕಡೆಗೆ ಓಡಿದ. ಅವಳು ಅಪ್ಪನನ್ನು ಅಲ್ಲಿ ಕೂರಿಸಿ, ಕಣ್ಣೊರೆಸಿಕೊಂಡು ನಡುಮನೆಗೆ ಹೋಳಿಗೆ ತಂದಳು.

ರಾಣಿಯಮ್ಮ ಮಣೆಯ ಮೇಲೆ ಕುಳಿತರು. ಎದುರಿಗಿದ್ದ ತಟ್ಟೆಯನ್ನು ಮಗುಚಿ ನೋಡಿದರು. ಹಳೆಯ ನೆಂಟರನ್ನು ಕಂಡ ಹಾಗೆ ಮುಖ ಅರಳಿತು. ಇದರಲ್ಲಿ ಎಷ್ಟು ಜನ ಉಂಡಿರಬಹುದು ಅಂತ ಕೇಳಿದರು. ಶ್ರೀಮಂತ ಎದೆಯುಬ್ಬಿಸಿ, ನಮ್ಮ ಮನೆಗೆ ಬಂದಮೇಲೆ ಒಂದು ಅಗುಳೂ ಬಿದ್ದಿಲ್ಲ, ‘ಅ’ ಅಂದರೆ ಅರಸು ಅಂತ ನನಗೆ ಗೊತ್ತಿಲ್ಲವೇ ಅಂದ.

ರಾಣಿಯಮ್ಮ ನಕ್ಕರು. ‘ಅರಸು ಅಲ್ಲಪ್ಪ, ಅತಿಥಿ. ನಮ್ಮ ಮನೇಲಿ ಅರಸರು ಉಣ್ತಿದ್ದದ್ದು ಬಾಳೆಲೆ ಮೇಲೆ. ತಿಥಿ ನೋಡದೆ, ಕರೆಯದೆ ಬಾಗಿಲಿಗೆ ಬಂದವರಿಗೆ ಅಂತ ಈ ಬೆಳ್ಳಿ ಮಾಡಿಸಿದ್ದು. ನಾನು ದಿನ ಗೊತ್ತು ಮಾಡ್ಕೊಂಡು ಬಂದವಳು, ನನಗೊಂದು ಎಲೆ ಹಾಕಿ. ಕರೆಯದೆ ಬಂದವರು ಯಾರಾದ್ರೂ ಇದ್ದಾರಾ ಈ ಮನೇಲಿ?’

ಶ್ರೀಮಂತ ನೆಲ ನೋಡಿದ. ಅಷ್ಟು ವರ್ಷ ಆ ಮನೆಯಲ್ಲಿ ದನಿ ಎತ್ತದವಳು ಮುಂದೆ ಬಂದಳು.

‘ಇದ್ದಾರೆ ತಾಯಿ. ಹಿತ್ತಲಲ್ಲಿದ್ದಾರೆ’ ಅಂದಳು.

ಓಡಿದಳು ನೋಡಿ! ಅಪ್ಪನ ಕೈ ಹಿಡಿದು ಎಳೆದುಕೊಂಡೇ ಬಂದಳು. ಆ ಮುದುಕ ನಡುಮನೆಗೆ ಕಾಲಿಡಲು ಹೆದರಿದ, ಬೆಳ್ಳಿ ಮುಟ್ಟಲು ಇನ್ನೂ ಹೆದರಿದ. ಅಳಿಯನೇ ತಗ್ಗಿ ಕೈಗೆ ನೀರು ಹಾಕಿದ. ಒಂದು ಕಡೆ ಎಲೆಯ ಮೇಲೆ ರಾಣಿ, ಇನ್ನೊಂದು ಕಡೆ ಬೆಳ್ಳಿ ತಟ್ಟೆಯಲ್ಲಿ ಅಪ್ಪ. ಮಗಳು ಬಡಿಸಿದಳು. ಆ ದಿನ ಅವಳಿಗಾದ ಸಂತೋಷವನ್ನು ಹೇಳಲು ನನ್ನ ನಾಲಿಗೆ ಸಾಲದು.

ಆ ಶ್ರೀಮಂತನನ್ನು ನೋಡಿ ನಗುತ್ತಿದ್ದೀರಿ. ನಗಿ, ನಗಿ. ನಿಮ್ಮ ಶೋಕೇಸಿನಲ್ಲಿ ಏನಿದೆ? ಮದುವೆಗೆ ಬಂದ ಪಿಂಗಾಣಿ ಕಪ್ಪು, ಇನ್ನೂ ಡಬ್ಬಿಯಲ್ಲೇ ಇದೆ. ಸೋಫಾದ ಪ್ಲಾಸ್ಟಿಕ್ ಕವರು ಹರಿದೇ ಹೋಯಿತು, ತೆಗೆಯಲಿಲ್ಲ. ಯಾರೋ ದೊಡ್ಡವರು ಬರಬೇಕು ನಿಮಗೆ! ಸಾಹೇಬರಿಗೆ ಪಿಂಗಾಣಿ, ಮನೆಯವರಿಗೆ ಮುಕ್ಕಾದ ಲೋಟ. ಸಾಹೇಬರಿಗೆ ಸವಿಮಾತು, ಹೆತ್ತವರಿಗೆ ಸಿಡುಕು. ಒಳ್ಳೆಯ ಮಾತನ್ನೂ ಬೀರುವಿನಲ್ಲಿಟ್ಟು ಕಪ್ಪು ಮಾಡಿದ್ದೀರಲ್ಲ?

ಇವತ್ತು ಮನೆಗೆ ಹೋದವರೇ ಆ ಡಬ್ಬಿ ಒಡೆಯಿರಿ. ಕರೆಯದೆ ಬಾಗಿಲಿಗೆ ಬಂದವರಿಗೆ ಮೊದಲ ಕಪ್ಪು ಕೊಡಿ. ಯಾರೂ ಬರಲಿಲ್ಲ ಅನ್ನುತ್ತೀರಾ? ಬೀದಿ ನೋಡುತ್ತ ನಿಲ್ಲಬೇಡಿ. ಹಿತ್ತಲ ಜಗಲಿಯಲ್ಲಿ ಯಾರನ್ನು ಕೂರಿಸಿದ್ದೀರಿ, ಅದನ್ನು ಹೋಗಿ ನೋಡಿ.