ಇವಳೇ

ಆ ಆಸ್ಪತ್ರೆಯ ಲಿಫ್ಟು ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಬರುವಂಥದ್ದು. ಅತ್ತೆಗೆ ಹಾಲಿನ ಫ್ಲಾಸ್ಕ್ ಹಿಡಿದು ಕಾಯುತ್ತಿದ್ದ ಸೊಸೆಯ ಮುಂದೆ ವಾರ್ಡಿನ ಹಿರಿಯ ಸಿಸ್ಟರ್ ಮತ್ತು ನರ್ಸಿಂಗ್ ಕಲಿಯುವ ಹುಡುಗಿ ನಿಂತಿದ್ದರು. ಹುಡುಗಿಯ ಕಣ್ಣು ಕೆಂಪಾಗಿತ್ತು. ಸೊಸೆ ಬೇಡವೆಂದರೂ ಕಿವಿ ಅತ್ತಲೇ ಹೋಯಿತು.

"ಏನಂತ ಕರೀಲಿ ಅಂತ ಪೇಷೆಂಟ್ ಹತ್ರ ಮೊದಲು ಕೇಳು ಅಂತ ಕಲಿಸಿದ್ನಲ್ಲ?"

"ಕೇಳ್ದೆ ಸಿಸ್ಟರ್. ಆ ಅಜ್ಜಿ, ನಮ್ಮನೆಯವರು ಬದುಕಿರೋತನಕ 'ಇವಳೇ' ಅಂತಿದ್ರು, ಅವರು ಹೋದ್ಮೇಲೆ ಯಾರೂ ಹಾಗೆ ಕರೆದಿಲ್ಲ, ನೀನು ಕರೀತೀಯಾ ಅಂದ್ರು."

"ಕರೆದ್ಯಾ?"

"ಅಷ್ಟು ದೊಡ್ಡೋರನ್ನ ಹೇಗೆ ಕರೀಲಿ? ನಕ್ಕುಬಿಟ್ಟೆ. 'ಅಜ್ಜಿ' ಅಂತಾನೇ ಕರೀತಿದ್ದೆ. ಅವರು ತಿರುಗ್ತಾನೇ ಇರ್ಲಿಲ್ಲ."

"ಅದಕ್ಕೆ?"

"ಕಿವಿ ಕೇಳಲ್ಲ ಅಂತ ಕೇಸ್ ಶೀಟಲ್ಲಿ ಬರೆದೆ."

"ಅಯ್ಯೋ, ಅದನ್ನ ಬರೆದಿದ್ದು ನೀನಾ?"

"ಆಮೇಲೆ ಡಾಕ್ಟ್ರು ಅವರ ಹತ್ರ ಮಾತಾಡೋದೇ ಬಿಟ್ರು. ಏನಿದ್ರೂ ಮಗಳಿಗೇ ಹೇಳೋರು, ಅವರ ಎದುರಿಗೇ. ಉಳಿಯಲ್ಲ ಅನ್ನೋದನ್ನೂ."

"ಅವರಿಗೆ ಕೇಳಿಸ್ತಿತ್ತು ಕಣೇ."

"ಗೊತ್ತು ಸಿಸ್ಟರ್. ಇವತ್ತು ಬೆಳಿಗ್ಗೆ ಕರೆದೆ. 'ಇವಳೇ' ಅಂತ."

"ತಿರುಗಿದ್ರಾ?"

"ಅಷ್ಟೊತ್ತಿಗೆ ಮುಖಕ್ಕೆ ಬಟ್ಟೆ ಎಳೆದಾಗಿತ್ತು."

ಸಿಸ್ಟರ್ ಲಿಫ್ಟಿನ ಗುಂಡಿಯನ್ನು ಇನ್ನೊಮ್ಮೆ ಒತ್ತಿದರು.

"ಕಣ್ಣು ಒರೆಸ್ಕೋ. ಆ ಬೆಡ್ಡಿಗೆ ಆಗ್ಲೇ ಬೇರೆಯವರು ಬಂದಿದಾರೆ. ಹೋಗಿ ಕೇಳು, ಏನಂತ ಕರೀಲಿ ಅಂತ."

"ಕೇಳಿ ಏನು ಮಾಡ್ಲಿ ಸಿಸ್ಟರ್?"

ಲಿಫ್ಟು ಬಂತು. ಇಬ್ಬರೂ ಒಳಗೆ ಹೋದರು. ಸೊಸೆ ಹತ್ತುವುದನ್ನೂ ಮರೆತು, ಬಾಗಿಲು ಪೂರ್ತಿ ಮುಚ್ಚುವವರೆಗೂ ಕಿವಿಗೊಟ್ಟು ನಿಂತಳು.