ಹಾಲು ಕರೆಯುವ ಸರದಿ

ಇಲ್ಲ ಕಣಮ್ಮಾ, ನೀನು ಬರಲೇಬೇಕಿತ್ತು. ಹಾಲಿನ ಹಬ್ಬ ಅಂದ್ರೆ ಹಿಂಗಿರಬೇಕು ಅನ್ನೋ ಹಂಗಿತ್ತು! ಇಡೀ ಊರೇ ಚರ್ಚಿನ ಮುಂದೆ... ಹಸುಗಳ ಕೊಂಬಿಗೆಲ್ಲಾ ಬಣ್ಣದ ಟೇಪು, ಕೊಳಲು, ನಗಾರಿ. ಪಾದ್ರಿಗಳು ಹಾಲಿನ ಕ್ಯಾನುಗಳ ಮೇಲೆ ತೀರ್ಥ ಚಿಮುಕಿಸಿದ್ರು. ಆಮೇಲೆ ನಿನ್ನ ಗಂಡನ ಹೆಸರು ಕೂಗಿದ್ರು ನೋಡು, "ಎಲಿಸೆಯೊ ಪಿಲ್ಕೊ!" ಅಂತ... ಎಲ್ಲರೂ ಟೋಪಿ ತೆಗೆದ್ರು ಡೆಲ್ಫಿನಾ. ಎಲ್ಲರೂ! ಒಡಹುಟ್ಟಿದ ಅಣ್ಣ ಅಂತ ನನ್ನನ್ನ ಮೇಲೆ ಕರೆದು ಅವನ ಈ ಫೋಟೋ ಕೈಗಿಟ್ರು. ತಗೋ.

ಬೇಡ್ವಾ? ಸರಿ, ಸರಿ. ಇಲ್ಲೇ ಒಲೆ ಪಕ್ಕ ಇಡ್ತೀನಿ. ನೀನು ಆಲೂಗೆಡ್ಡೆ ಸುಲಿ, ನಾನು ಹೇಳ್ತಿರ್ತೀನಿ.

"ಎಲಿಸೆಯೊ ಕರೆದ ಹಾಲಲ್ಲಿ ಒಂದು ತೊಟ್ಟು ನೀರು ಕಂಡವರಿಲ್ಲ" ಅಂದ್ರು ಹಾಲಿನ ಸಂಘದ ಅಧ್ಯಕ್ಷರು. ಹೌದಲ್ವಾ! ಅವನು ಕೈ ಇಟ್ರೆ ಸಾಕು, ಒದೆಯೋ ಹಸುವೂ ಸುಮ್ಮನೆ ನಿಂತು ಹಾಲು ಕೊಡೋದು. ಬಕೆಟ್ಟಿನಲ್ಲಿ ಸರ್... ಸರ್... ಅಂತ ನೊರೆ ಏಳೋದು. "ಅಣ್ಣಾ, ಈ ಸದ್ದು ಕೇಳಿದ್ರೇನೇ ಹೊಟ್ಟೆ ತುಂಬುತ್ತೆ" ಅನ್ನೋನು. ಯಾಕೆ ತಲೆ ಆಡಿಸ್ತೀಯ? ತುಂಬ್ತಿರಲಿಲ್ವಾ? ಅದೂ ನಿಜವೇ, ಮನೆಗೆ ಬಂದು ಮೂರು ತಟ್ಟೆ ಉಣ್ಣೋನು!

ಬೆಟ್ಟದವ್ವ ಬೆಂಕಿ ಉಗುಳೋಕೆ ಶುರು ಮಾಡಿದಾಗ ನಮ್ಮನ್ನೆಲ್ಲ ಕೆಳಗಿಳಿಸಿ ಶಾಲೇಲಿ ತುಂಬಿದ್ರು. ಹಸುಗಳು ಮೇಲೇ ಉಳಿದ್ವು. ಕರೀದೆ ಬಿಟ್ರೆ ಕೆಚ್ಚಲು ಕಲ್ಲಾಗಿ ನೋವಿಗೆ ಅರಚ್ತಾವೆ... ಶಾಲೆವರೆಗೂ ಕೇಳ್ತಿತ್ತಲ್ಲ! ಅದಕ್ಕೇ ತಾನೇ ನಾವಿಬ್ಬರೂ ಕದ್ದು ಹತ್ತುತ್ತಿದ್ದಿದ್ದು? ಒಂದು ದಿನ ಅವನು, ಒಂದು ದಿನ ನಾನು. ಮೂಗಿಗೆ ಬಟ್ಟೆ ಕಟ್ಕೊಂಡು, ಸುರಿಯೋ ಬೂದಿಯಲ್ಲಿ.

ಅವತ್ತು ಬೆಳಿಗ್ಗೆ ನೆಲವೇ ನಡುಗ್ತಿತ್ತು. ನಾನು ಬೇಡ ಅಂದೆ. "ಇವತ್ತೊಂದಿನ ಬಿಡೋ" ಅಂದೆ. ಕೇಳಲಿಲ್ಲ. ಅವನ ಸರದಿ, ಅವನ ಹಟ. ಪೊಂಚೋ ಕಂಬಳಿ ಹೊದ್ದು ಹೊರಟೇಬಿಟ್ಟ... ಕಣಿವೆಯಲ್ಲಿ ಬೆಂಕಿಯಂಥ ಬೂದಿ ಇಳಿದು ಬಂತು. ಯಾರ ಕೈಲಿತ್ತು ಹೇಳು?

ಅಳಬೇಡ. ಹಿಂದಿನ ದಿನ ನೆನಪಿಸ್ಕೋ, ಎಷ್ಟು ಖುಷಿಯಾಗಿದ್ದ! ಕತ್ತೆ ಮೇಲೆ ಎರಡು ಕ್ಯಾನು ಹೇರ್ಕೊಂಡು ಬೆಟ್ಟ ಇಳಿದು ಬಂದು, ಶಾಲೇಲಿದ್ದ ಮಕ್ಕಳಿಗೆಲ್ಲಾ ಒಂದೊಂದು ಲೋಟ ಕೊಟ್ಟ. ಎಲ್ಲಕ್ಕೂ ಬಿಳಿ ಮೀಸೆ! ಇವನ ರೆಪ್ಪೆ ಮೇಲೆಲ್ಲಾ ಬೂದಿ, ನಗ್ತಾ ನಿಂತಿದ್ದ...

ಯಾಕೆ ಚಾಕು ಕೆಳಗಿಟ್ಟೆ?

ಹಿಂದಿನ ದಿನ ಅಂದೆ, ಅಷ್ಟೇ. ಹೂಂ... ಹಿಂದಿನ ದಿನ ಅವನೇ ಹತ್ತಿದ್ದು.

ಹಂಗ್ ನೋಡಬೇಡಮ್ಮಾ. ಬಯ್ಯಿ!

...ನಿಂಗೆ ಗೊತ್ತಿತ್ತಾ? ಇಷ್ಟು ದಿನದಿಂದಲೂ?

ಅವತ್ತು ನನ್ನ ಸರದಿ ಡೆಲ್ಫಿನಾ. ನಂದು. ಮಂಡಿ ಊದಿದೆ, ಏಳೋಕಾಗ್ತಿಲ್ಲ ಅಂದೆ. ಊದಿರಲಿಲ್ಲ. ಹೆದರಿದ್ದೆ. ಅವನು ಬಟ್ಟೆ ಕಾಯಿಸಿ ನನ್ನ ಮಂಡಿಗೆ ಸುತ್ತಿ, "ಮಲಕ್ಕೋ ಅಣ್ಣಾ, ನಾನೇ ಹೋಗ್ತೀನಿ" ಅಂದ. ಬೇಡ ಅಂದೆ ಅಂತ ಹೇಳಿದೆನಲ್ಲ... ಅನ್ನಲಿಲ್ಲ ತಾಯೀ. ಅವನು ಶಾಲೆ ಗೇಟು ದಾಟೋವರೆಗೂ ಕಣ್ಣು ಮುಚ್ಕೊಂಡು ನರಳ್ತಾನೇ ಇದ್ದೆ.