ಚೌಕಟ್ಟಿನ ಗೀರು

ಹಲ್ಲಿನ ಡಾಕ್ಟರ ಬೆಂಚಿನ ಮೇಲೆ ಕೆನ್ನೆ ಒತ್ತಿಕೊಂಡು ಕೂತಿದ್ದ ದರ್ಜಿಗೆ ನೋವಿಗೆ ಬಾಯಿ ಬಿಡಲಾಗದಿದ್ದರೂ ಕಿವಿ ಚುರುಕಾಗಿಯೇ ಇತ್ತು. ಪಕ್ಕದಲ್ಲಿ ಕೂತ ಅಕ್ಕತಂಗಿಯರು, ಪರದೇಶದಲ್ಲಿ ನೆಲೆಸಿ ಇಪ್ಪತ್ತು ವರ್ಷದ ಮೇಲೆ ಮನೆಗೆ ಬಂದಿಳಿದ ಅಣ್ಣನ ಜನ್ಮ ಜಾಲಾಡುತ್ತಿದ್ದರು.

"ಅಂತೂ ಮನೆ ನೆನಪಾಯ್ತಾ ದೊರೆಗೆ?" ಅಂದಳು ತಂಗಿ.

"ಬಂದವನೇ ಅಮ್ಮನ ಕೋಣೆ ಬಾಗಿಲು ತಬ್ಕೊಂಡು ಅತ್ತ ಕಣೇ. ಈ ಬಾಗಿಲಲ್ಲೇ ಆಡಿ ಬೆಳೆದೆ ಅಂತ."

"ಯಾವುದು, ಅಮ್ಮನ ಗಾಲಿಕುರ್ಚಿ ಹಿಡಿಸಲಿ ಅಂತ ನಾವು ಗೋಡೆ ಒಡೆಸಿ ಹೊಸದಾಗಿ ಕೂರಿಸಿದ್ವಲ್ಲ, ಅದಾ?"

"ಅದೇ. ಆಗ ಇವನೆಲ್ಲಿದ್ದ?"

"ಅಮ್ಮ ಸತ್ತಾಗ ಬರದ ಕಣ್ಣೀರು ಬಾಗಿಲಿಗೆ ಬಂತು ನೋಡು."

"ಇನ್ನೂ ಕೇಳು. ಕುರ್ಚಿ ತಾಗಿ ತಾಗಿ ಚೌಕಟ್ಟಲ್ಲಿ ಗೀರು ಬಿದ್ದಿದೆಯಲ್ಲ, ಅದನ್ನ ಸವರ್ತಾ ನಿಂತ. ಚಿಕ್ಕವನಿದ್ದಾಗ ತನ್ನ ಆಟದ ಬಂಡಿ ಗುದ್ದಿದ್ದಂತೆ. ಅಮ್ಮ ಬೈದಿದ್ದು ಇನ್ನೂ ಕಿವೀಲಿದೆಯಂತೆ."

"ನೀನೇನಂದೆ?"

ಒಳಗಿಂದ ಕರೆ ಬಂತು. ಅಕ್ಕ ಚೀಲ ಹೆಗಲಿಗೇರಿಸಿ ಎದ್ದಳು.

"ಏನನ್ನಲಿ? ಗೀರು ಚೆನ್ನಾಗಿ ಕಾಣೋ ಹಾಗೆ ನಿಲ್ಲಿಸಿ, ಒಂದು ಫೋಟೋ ತೆಗೆದುಕೊಟ್ಟೆ. ಹೆಂಡತಿ ಮಕ್ಕಳಿಗೆ ತೋರಿಸ್ಕೊಳ್ಳಲಿ."